ಹಳೆಯ ಆಲ್ಬಂಗಳಿಗೂ ಜಾಗ ಸಿಗಲಿ

ಮಾನ್ಯ ಸಂಪಾದಕರೇ,

ಪತ್ರಿಕೆಯ ಸಂಗೀತ ವಿಮರ್ಶೆ ಹೊಸ ಬಿಡುಗಡೆಗಳಿಗಷ್ಟೇ ಮೀಸಲಾಗಿರುವುದರಿಂದ, ಬಂದ ಕಾಲದಲ್ಲಿ ಹೆಚ್ಚಿನವರ ಕಣ್ಣಿಗೆ ಬೀಳದೆ ಕೇಳುಗರ ಅಭಿಮಾನದಿಂದಲೇ ಉಳಿದುಕೊಂಡ ಆಲ್ಬಂಗಳು ಅಲ್ಲಿ ಕಾಣಿಸುವುದೇ ಇಲ್ಲ. ಅಮೆರಿಕದ ಲೂಯಿವಿಲ್ ನಗರದ ಇಂಡಿ ರಾಕ್ (ದೊಡ್ಡ ಸಂಗೀತ ಕಂಪನಿಗಳ ಹಂಗಿಲ್ಲದೆ ಬೆಳೆದ ರಾಕ್ ಸಂಗೀತ) ತಂಡ ಸ್ಲಿಂಟ್‌ನ ‘ಸ್ಪೈಡರ್‌ಲ್ಯಾಂಡ್’ 1991ರಲ್ಲಿ ಹೊರಬರುವ ಹೊತ್ತಿಗೆ ತಂಡವೇ ಚದುರಿಹೋಗಿತ್ತು. ಅದರಲ್ಲಿರುವುದು ಆರೇ ಹಾಡು. ಪಿಸುಮಾತಿನಷ್ಟು ಮೆಲ್ಲಗೆ ಸಾಗುವ ಗಿಟಾರು ಇದ್ದಕ್ಕಿದ್ದಂತೆ ಅಬ್ಬರಿಸುತ್ತದೆ, ಹೊದಿಕೆಯ ಕಪ್ಪು-ಬಿಳುಪು ಚಿತ್ರದಲ್ಲಿ ನಾಲ್ವರು ಯುವಕರು ಕುತ್ತಿಗೆಯವರೆಗೆ ನೀರಿನಲ್ಲಿದ್ದಾರೆ. ಮೊದಲ ಸಲ ಕೇಳಿದಾಗ ನನಗೂ ಅದು ಅಷ್ಟಾಗಿ ಹಿಡಿಸಿರಲಿಲ್ಲ, ನಿಜ. ಆದರೂ ಕೇಳಿದವರು ಇನ್ನೊಬ್ಬರಿಗೆ ಕೇಳಿಸುತ್ತಾ ಹೋದುದರಿಂದ ಅದರ ಹೆಸರು ಹಬ್ಬಿತು. 2005ರಲ್ಲಿ ತಂಡ ಮತ್ತೆ ವೇದಿಕೆ ಏರಿತು. ತಿಂಗಳಿಗೊಮ್ಮೆಯಾದರೂ ಇಂತಹ ಒಂದು ಆಲ್ಬಂ ಕುರಿತು ಓದುಗರಿಂದಲೇ ಬರೆಸಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ಒಬ್ಬ ಓದುಗ