ಒಂದೇ ದಿನದ ಮೆಮೊರಿ ಪ್ಯಾಕೇಜ್ ನಿಲ್ಲಿಸುತ್ತಿದ್ದೇವೆ

ಪ್ರಿಯ ಗ್ರಾಹಕರೇ, ಅವರನ್ನು ಕರೆದುಕೊಂಡು ಬರುವ ಮನೆಯವರೇ,

ಮುಂದಿನ ತಿಂಗಳ ಮೊದಲ ದಿನದಿಂದ ನಮ್ಮ ಕ್ಲಿನಿಕ್‌ನಲ್ಲಿ ಒಂದೇ ದಿನದ ಮೆಮೊರಿ ಪ್ಯಾಕೇಜ್, ಅಂದರೆ ಮರೆವಿನ ತಪಾಸಣೆ, ಸಿಗುವುದಿಲ್ಲ. ಬೆಳಿಗ್ಗೆ ರಕ್ತ ಕೊಟ್ಟು, ಸ್ಕ್ಯಾನ್ ಮಾಡಿಸಿ, ಒಂದಷ್ಟು ಪ್ರಶ್ನೆಗಳಿಗೆ ಉತ್ತರ ಹೇಳಿ, ಸಂಜೆ ದಪ್ಪ ಫೈಲ್ ಹಿಡಿದು ಹೊರಡುವ ಪದ್ಧತಿ ನಿಲ್ಲುತ್ತದೆ. ಇನ್ನು ಮೇಲೆ ಎರಡು ಭೇಟಿ. ಕೆಲವರಿಗೆ ಮೂರು. ಮೊದಲ ಭೇಟಿಯಲ್ಲಿ ಮಾತೇ ಜಾಸ್ತಿ, ಯಂತ್ರ ಇಲ್ಲವೇ ಇಲ್ಲ.

"ಬರೀ ಮಾತಿಗೆ ಫೀಸ್ ಕೊಡಬೇಕಾ?" ಎಂದು ಕೌಂಟರ್‌ನಲ್ಲಿ ಈಗಾಗಲೇ ಕೆಲವರು ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ, ದುಡ್ಡು ಕೊಡುವವರು ನೀವು. ಹೌದು, ಕೊಡಬೇಕು. ಯಾಕೆ ಎಂದು ಹೇಳುವುದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇವೆ.

ಡಿಮೆನ್ಷಿಯಾ ಒಂದೇ ರೋಗದ ಹೆಸರಲ್ಲ. ಜ್ವರ ಬಂದರೆ ಅದು ಯಾವುದರಿಂದ ಬಂತು ಎಂದು ಹುಡುಕುತ್ತೇವಲ್ಲ, ಇದೂ ಹಾಗೆಯೇ. ನೆನಪು, ಯೋಚನೆ, ಮಾತು, ನಡವಳಿಕೆ ಮೊದಲಿದ್ದ ಮಟ್ಟದಿಂದ ಇಳಿದು, ದಿನದ ಕೆಲಸಕ್ಕೆ ಅಡ್ಡಿ ಆಗುವಷ್ಟಾದರೆ ಅದನ್ನು ಡಿಮೆನ್ಷಿಯಾ ಎನ್ನುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನ 5.7 ಕೋಟಿ ಜನರಿಗೆ ಇದು ಇತ್ತು. ಶೇ 60ರಿಂದ 70ರಷ್ಟು ಮಂದಿಯಲ್ಲಿ ಕಾರಣ ಆಲ್ಝೈಮರ್ ಕಾಯಿಲೆ. ಉಳಿದವರಲ್ಲಿ ರಕ್ತನಾಳದ ತೊಂದರೆ, ಲೆವಿ ಬಾಡಿ (ಮಿದುಳಿನ ಕೋಶಗಳಲ್ಲಿ ಒಂದು ಪ್ರೋಟೀನ್ ಗಂಟುಕಟ್ಟುವುದು), ಫ್ರಂಟೋಟೆಂಪೊರಲ್ (ಮಿದುಳಿನ ಮುಂದಿನ, ಪಕ್ಕದ ಭಾಗ ಸವೆಯುವುದು) ಹೀಗೆ ಬೇರೆ ಬೇರೆ. ಒಬ್ಬರಲ್ಲೇ ಎರಡು ಕಾರಣ ಸೇರಿಕೊಂಡಿರುವುದೂ ಸಾಮಾನ್ಯ.

ಈಗ ನೋಡಿ, "ಮೊದಲಿದ್ದ ಮಟ್ಟ" ಯಾವ ಸ್ಕ್ಯಾನ್‌ನಲ್ಲೂ ಕಾಣುವುದಿಲ್ಲ. ಅದು ಗೊತ್ತಿರುವುದು ಜೊತೆಯಲ್ಲಿ ಬದುಕಿದವರಿಗೆ. ಲೆಕ್ಕಪತ್ರ ಬರೆದುಕೊಂಡೇ ಜೀವನ ಕಳೆದವರು ಒಂದು ಬಿಲ್ ಕಟ್ಟಲು ತಡವರಿಸಿದರೆ ಅದಕ್ಕೊಂದು ಅರ್ಥ ಇದೆ. ಎಂದೂ ಲೆಕ್ಕ ನೋಡದವರು ತಡವರಿಸಿದರೆ ಅದರ ಅರ್ಥ ಬೇರೆ. ಹಾಗಾಗಿ ಮೊದಲ ಭೇಟಿಯಲ್ಲಿ ರೋಗಿಯ ಜೊತೆ ಒಂದು ಕೋಣೆಯಲ್ಲಿ, ಮನೆಯವರ ಜೊತೆ ಇನ್ನೊಂದು ಕೋಣೆಯಲ್ಲಿ ಮಾತಾಡುತ್ತೇವೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿದರೆ ಮನೆಯವರು ಸಂಕೋಚಕ್ಕೆ ಅರ್ಧ ವಿಷಯ ನುಂಗಿಬಿಡುತ್ತಾರೆ. ಅಥವಾ ಎದುರಿಗೇ ತಪ್ಪು ಎತ್ತಿ ತೋರಿಸಿ ಅವರನ್ನು ಕುಗ್ಗಿಸುತ್ತಾರೆ. ಎರಡೂ ಬೇಡ.

ಏನು ಕೇಳುತ್ತೇವೆ? ಮೊದಲು ಏನು ಬದಲಾಯಿತು, ಯಾವಾಗ, ನಿಧಾನಕ್ಕೋ ಒಮ್ಮೆಲೇ ಬಂತೋ. ಇದೇ ದೊಡ್ಡ ಸುಳಿವು. ಹಳೆಯದೆಲ್ಲ ನೆನಪಿದ್ದು ಬೆಳಿಗ್ಗೆ ಆಡಿದ ಮಾತು ಮರೆಯುವುದು, ಕೇಳಿದ್ದನ್ನೇ ಮತ್ತೆ ಕೇಳುವುದು, ತಿಂಗಳು ತಿಂಗಳಿಗೆ ಸ್ವಲ್ಪ ಸ್ವಲ್ಪವೇ ಹೆಚ್ಚುವುದು ಆಲ್ಝೈಮರ್ ಕಡೆ ಕೈ ತೋರಿಸುತ್ತದೆ. ಒಂದು ಮೆಟ್ಟಿಲು ಇಳಿದು, ಕೆಲ ಕಾಲ ಹಾಗೇ ಇದ್ದು, ಮತ್ತೊಂದು ಮೆಟ್ಟಿಲು ಇಳಿದಂತೆ ಆದರೆ ರಕ್ತನಾಳದ ಕಾರಣ ಇರಬಹುದು. ಇಲ್ಲದ ಮನುಷ್ಯರೋ ಪ್ರಾಣಿಗಳೋ ಕಾಣುವುದು, ಒಂದು ದಿನ ಚುರುಕಾಗಿದ್ದು ಮರುದಿನ ಮಂಕಾಗುವುದು, ನಿದ್ದೆಯಲ್ಲಿ ಕನಸಿಗೆ ತಕ್ಕಂತೆ ಕೈಕಾಲು ಬೀಸುವುದು, ನಡಿಗೆ ನಿಧಾನ ಆಗುವುದು ಲೆವಿ ಬಾಡಿಯ ಲಕ್ಷಣ. ನೆನಪು ಚೆನ್ನಾಗಿದ್ದೂ ಸ್ವಭಾವವೇ ಬದಲಾದರೆ, ಅಥವಾ ಪದಗಳು ಕೈಕೊಟ್ಟರೆ, ಅದರಲ್ಲೂ 65ರ ಒಳಗಿನವರಲ್ಲಿ, ಫ್ರಂಟೋಟೆಂಪೊರಲ್ ಬಗೆಯನ್ನು ಯೋಚಿಸುತ್ತೇವೆ. ಇಂಥವರನ್ನು ಎಷ್ಟೋ ಸಲ ಮೊದಲು ಖಿನ್ನತೆ ಎಂದೋ ಸಂಸಾರದ ಜಗಳ ಎಂದೋ ತಿಳಿದುಕೊಳ್ಳುತ್ತಾರೆ.

ಕೆಲವೇ ಗಂಟೆ ಅಥವಾ ದಿನಗಳಲ್ಲಿ ಒಮ್ಮೆಲೇ ಗೊಂದಲ ಶುರುವಾದರೆ ದಯವಿಟ್ಟು ನಮ್ಮ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಅದು ಡೆಲಿರಿಯಂ ಆಗಿರಬಹುದು. ಸೋಂಕು, ನೀರಿನಂಶ ಕಡಿಮೆ ಆಗುವುದು, ಹೊಸ ಮಾತ್ರೆ, ಪಾರ್ಶ್ವವಾಯು, ಏನು ಬೇಕಾದರೂ ಕಾರಣ ಇರಬಹುದು. ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಮಾತ್ರೆಗಳ ವಿಷಯಕ್ಕೆ ಬರೋಣ. ಮೊದಲ ಭೇಟಿಗೆ ಮನೆಯಲ್ಲಿರುವ ಎಲ್ಲಾ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಬನ್ನಿ. ಚೀಟಿ ಇಲ್ಲದೆ ಅಂಗಡಿಯಲ್ಲಿ ಕೊಂಡಿದ್ದನ್ನೂ ತನ್ನಿ. ಅಲರ್ಜಿಗೂ ನಿದ್ದೆಗೂ ಬಳಸುವ ಡೈಫೆನ್‌ಹೈಡ್ರಮಿನ್, ಮೂತ್ರ ತಡೆಯಲಾಗದ್ದಕ್ಕೆ ಕೊಡುವ ಆಕ್ಸಿಬ್ಯುಟಿನಿನ್, ನೋವಿಗೂ ನಿದ್ದೆಗೂ ಕೊಡುವ ಅಮಿಟ್ರಿಪ್ಟಿಲಿನ್, ಇವೆಲ್ಲ ವಯಸ್ಸಾದವರಲ್ಲಿ ನೆನಪನ್ನು ಮಂಕು ಮಾಡಬಲ್ಲವು. ಬೆಂಜೋಡಯಜೆಪಿನ್ ಗುಂಪಿನ ನಿದ್ದೆ ಮಾತ್ರೆಗಳೂ ಅಷ್ಟೇ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ವರ್ಷಾನುಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಜೀವಸತ್ವ ಇಳಿದಿರಬಹುದು, ಅದೂ ಮರೆವಿಗೆ ಕಾರಣವಾಗಬಲ್ಲದು. ಆದರೆ ಈ ಪತ್ರ ಓದಿ ಯಾವ ಮಾತ್ರೆಯನ್ನೂ ಸುಮ್ನೆ ನಿಲ್ಲಿಸಬೇಡಿ. ಬೆಂಜೋಡಯಜೆಪಿನ್ ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರುವ ಅಪಾಯವೂ ಇದೆ.

ಅದಾದ ಮೇಲೆ ರಕ್ತ ಪರೀಕ್ಷೆ: ಬಿ12, ಥೈರಾಯ್ಡ್, ಸೋಡಿಯಂ, ಕ್ಯಾಲ್ಸಿಯಂ, ಸಕ್ಕರೆ, ಕಿಡ್ನಿ, ಲಿವರ್, ರಕ್ತಕಣಗಳು. ಇವು ಯಾವ ಲ್ಯಾಬ್‌ನಲ್ಲೂ ಆಗುವಂಥವು, ಬೆಲೆಯೂ ಕಡಿಮೆ. ಖಿನ್ನತೆ ಇದೆಯೇ ಎಂದು ನೋಡುತ್ತೇವೆ, ಕಿವಿ ಪರೀಕ್ಷಿಸುತ್ತೇವೆ. ಸರಿಯಾಗಿ ಕೇಳಿಸದ ಮಾತು ನೆನಪಿನಲ್ಲಿ ಉಳಿಯುವುದಾದರೂ ಹೇಗೆ? ಕಿವಿ ಮಂದವಾಗುವುದೇ ಡಿಮೆನ್ಷಿಯಾಕ್ಕೆ ಒಂದು ಅಪಾಯದ ಅಂಶ ಕೂಡ. ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ ನೇಮಿಸಿದ ತಜ್ಞರ ಆಯೋಗದ 2024ರ ವರದಿ ಇಂಥ ಬದಲಾಯಿಸಬಹುದಾದ 14 ಅಂಶಗಳನ್ನು ಪಟ್ಟಿ ಮಾಡಿದೆ. ಬಿಪಿ, ಸಕ್ಕರೆ, ಧೂಮಪಾನ, ಒಂಟಿತನ ಎಲ್ಲ ಅದರಲ್ಲಿವೆ.

ಪ್ರಶ್ನೋತ್ತರದ ಪರೀಕ್ಷೆ ಮುಂದುವರಿಯುತ್ತದೆ. ಅದನ್ನು ನೋಡುವ ರೀತಿ ಬದಲಾಗುತ್ತದೆ. ಇಂಥ ಪರೀಕ್ಷೆಗಳಲ್ಲಿ ಹೆಚ್ಚು ಬಳಕೆಯ 1975ರ ಎಂಎಂಎಸ್‌ಇ, 2005ರ ಮೋಕಾ, ಎರಡೂ 30 ಅಂಕದವು. ಮೋಕಾದಲ್ಲಿ 26ಕ್ಕಿಂತ ಕಡಿಮೆ ಬಂದರೆ ಇನ್ನಷ್ಟು ನೋಡಬೇಕು ಎಂದಷ್ಟೇ ಅರ್ಥ. 12 ವರ್ಷ ಅಥವಾ ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ಅಂಕ ಸೇರಿಸುವ ನಿಯಮವೂ ಇದೆ. ತುಂಬಾ ಓದಿದವರು 28 ತೆಗೆದು ಮನೆಯಲ್ಲಿ ಒದ್ದಾಡುತ್ತಿರಬಹುದು. ಶಾಲೆಗೇ ಹೋಗದವರು 20 ತೆಗೆದೂ ಮನೆಯನ್ನೆಲ್ಲ ತೂಗಿಸಿಕೊಂಡು ಹೋಗುತ್ತಿರಬಹುದು. ಹಾಗಾಗಿ ಫೈಲಿನ ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಅಂಕ ಹಾಕುವುದನ್ನು ಬಿಡುತ್ತಿದ್ದೇವೆ. ಮನೆಮಾತಿನಲ್ಲೇ ಪರೀಕ್ಷೆ ಆಗಬೇಕೆಂದರೆ ಬುಕ್ ಮಾಡುವಾಗಲೇ ಹೇಳಿ.

ಸ್ಕ್ಯಾನ್ ಬೇಡವೇ ಎಂದರೆ, ಬೇಕು. ಬಹಳಷ್ಟು ಜನರಿಗೆ ಒಂದು ಸಿಟಿ ಅಥವಾ ಎಂಆರ್‌ಐ ಬೇಕಾಗುತ್ತದೆ. ಹಿಂದೆ ಬಿದ್ದದ್ದರಿಂದ ತಲೆಬುರುಡೆಯ ಒಳಗೆ ರಕ್ತ ನಿಂತಿದೆಯೇ, ಗಡ್ಡೆ ಇದೆಯೇ, ಸದ್ದಿಲ್ಲದೆ ಆದ ಪಾರ್ಶ್ವವಾಯುವಿನ ಗುರುತಿದೆಯೇ ಎಂದು ಅದರಲ್ಲಿ ಕಾಣುತ್ತದೆ. ಕಾಲು ನೆಲಕ್ಕೆ ಅಂಟಿಕೊಂಡಂತೆ ನಡೆಯುವುದು, ಮೂತ್ರ ಹಿಡಿಯಲು ಆಗದಿರುವುದು, ಮರೆವು, ಈ ಮೂರೂ ಸೇರಿದ್ದರೆ ಮಿದುಳಿನ ದ್ರವ ಹೆಚ್ಚಾಗುವ ಒಂದು ಸ್ಥಿತಿ ಇರಬಹುದು. ಕೆಲವರಿಗೆ ಅದು ದ್ರವ ಹೊರಹರಿಸುವ ಕೊಳವೆ ಹಾಕುವ ಶಂಟ್ ಆಪರೇಷನ್‌ನಿಂದ ಸುಧಾರಿಸುತ್ತದೆ. ಆದರೆ ಸ್ಕ್ಯಾನ್ ನಾರ್ಮಲ್ ಬಂತೆಂದು ಆಲ್ಝೈಮರ್ ಇಲ್ಲ ಎನ್ನಲಾಗದು. ಮಿದುಳು ಸ್ವಲ್ಪ ಕುಗ್ಗಿದೆ ಎಂದು ಬರೆದಿದ್ದರೆ ಅದೇ ಡಿಮೆನ್ಷಿಯಾ ಎಂದೂ ಅಲ್ಲ. ನಾವು ಚೀಟಿ ಬರೆದುಕೊಡುತ್ತೇವೆ, ನಿಮಗೆ ಬೇಕಾದಲ್ಲಿ ಮಾಡಿಸಿ. ಯಾವ ಸ್ಕ್ಯಾನ್ ಸೆಂಟರ್‌ನಿಂದಲೂ ನಾವು ಕಮಿಷನ್ ತೆಗೆದುಕೊಳ್ಳುವುದಿಲ್ಲ. ಮರೆವು ಶುರುವಾದ ಮೇಲೆ ಮಾಡಿಸಿದ ಸ್ಕ್ಯಾನ್ ನಿಮ್ಮ ಹತ್ತಿರ ಇದ್ದರೆ ಮೊದಲು ಅದನ್ನು ತನ್ನಿ. ಅದೇ ಸಾಕಾಗಬಹುದು.

ಈಚೆಗೆ ಜಾಸ್ತಿ ಕೇಳುವುದು ಪಿ-ಟೌ217 ಎಂಬ ರಕ್ತ ಪರೀಕ್ಷೆ. ಆಲ್ಝೈಮರ್‌ನ ಗುರುತನ್ನು ರಕ್ತದಲ್ಲೇ ಹಿಡಿಯುವ ಒಳ್ಳೆಯ ದಾರಿ ಅದು. ಲಕ್ಷಣ ಇರುವವರಲ್ಲಿ, ಕಾರಣ ಸ್ಪಷ್ಟವಾಗದಿದ್ದಾಗ, ಎರಡನೇ ಭೇಟಿಯ ಹೊತ್ತಿಗೆ ನಾವೇ ಹೇಳುತ್ತೇವೆ. ಯಾವ ತೊಂದರೆಯೂ ಇಲ್ಲದವರಿಗೆ, "ಒಮ್ಮೆ ನೋಡಿಬಿಡೋಣ" ಎನ್ನುವವರಿಗೆ ಮಾಡುವುದಿಲ್ಲ. ಮಿದುಳಿನಲ್ಲಿ ಆಲ್ಝೈಮರ್‌ಗೆ ಸಂಬಂಧಿಸಿದ ಅಮಿಲಾಯ್ಡ್ ಎಂಬ ಪ್ರೋಟೀನ್ ಸೇರಿಕೊಂಡಿದ್ದೂ ಕೊನೆಯವರೆಗೆ ಚೆನ್ನಾಗಿಯೇ ಇದ್ದುಬಿಡುವವರು ಇದ್ದಾರೆ. ಅಂಥವರ ಕೈಗೆ ಒಂದು ಪಾಸಿಟಿವ್ ರಿಪೋರ್ಟ್ ಕೊಟ್ಟು ಕಳಿಸಿದರೆ ನಿದ್ದೆ ಕೆಡುವುದೊಂದೇ ಲಾಭ. ಆಲ್ಝೈಮರ್ ಬರುವ ಅಪಾಯ ಎಷ್ಟು ಎಂದು ಸೂಚಿಸುವ ಎಪಿಒಇ ಜೀನ್ ಪರೀಕ್ಷೆಯನ್ನು ಚೆಕಪ್ ಥರ ಮಾಡಿಸುವುದೂ ಬೇಡ.

ಎರಡನೇ ಭೇಟಿಯಲ್ಲಿ ಕೂತು, ಸಿಕ್ಕಿದ್ದನ್ನು ಹೇಳುತ್ತೇವೆ. "ಅವರಿಗೆ ಹೇಳಬೇಡಿ, ನಮಗೆ ಮಾತ್ರ ಹೇಳಿ" ಎಂದು ಕೆಲವು ಮಕ್ಕಳು ಕೋರುತ್ತಾರೆ. ಆ ಪ್ರೀತಿ ಅರ್ಥವಾಗುತ್ತದೆ. ಆದರೂ ನಾವು ಮೊದಲು ರೋಗಿಯನ್ನೇ ಕೇಳುತ್ತೇವೆ: ಎಷ್ಟು ತಿಳಿದುಕೊಳ್ಳಬೇಕು, ಯಾರ ಎದುರು ಹೇಳಬೇಕು. ಕಾಯಿಲೆ ಅವರದು. ದುಡ್ಡು, ಆಸ್ತಿ, ಮುಂದಿನ ಚಿಕಿತ್ಸೆ, ವಾಹನ ಓಡಿಸುವುದು, ಇವುಗಳ ಬಗ್ಗೆ ತಮ್ಮ ಇಷ್ಟ ಹೇಳಲು ಅವರಿಗೆ ಈಗ ಶಕ್ತಿ ಇದೆ. ಎರಡು ವರ್ಷ ಬಿಟ್ಟು ಇರದೇ ಹೋಗಬಹುದು. ಇನ್ನು ಕೆಲವರಿಗೆ ಬರುವ ಉತ್ತರ ಸೌಮ್ಯ ಅರಿವಿನ ಕೊರತೆ. ಅಂದರೆ ಪರೀಕ್ಷೆಯಲ್ಲಿ ಇಳಿಕೆ ಇದೆ, ದಿನದ ಬದುಕಿಗೆ ತೊಡಕಿಲ್ಲ. ಅವರೆಲ್ಲರೂ ಡಿಮೆನ್ಷಿಯಾಕ್ಕೆ ಹೋಗುವುದಿಲ್ಲ. ಕೆಲವರು ಸುಧಾರಿಸುತ್ತಾರೆ ಕೂಡ. ಆರೇಳು ತಿಂಗಳಿಗೆ ಮತ್ತೆ ನೋಡುತ್ತೇವೆ.

ಔಷಧಿಯ ಬಗ್ಗೆ ನೇರವಾಗಿ ಹೇಳಬೇಕು. ಡೊನೆಪೆಜಿಲ್, ರಿವಾಸ್ಟಿಗ್ಮಿನ್, ಗ್ಯಾಲಂಟಮಿನ್ ಆಲ್ಝೈಮರ್‌ನಲ್ಲಿ ಕೆಲವರಿಗೆ ಸ್ವಲ್ಪ ಸಹಾಯ ಮಾಡುತ್ತವೆ. ಲೆವಿ ಬಾಡಿಯಲ್ಲೂ ಡೊನೆಪೆಜಿಲ್, ರಿವಾಸ್ಟಿಗ್ಮಿನ್ ಉಪಯೋಗಕ್ಕೆ ಬರುತ್ತವೆ. ಮೆಮಂಟಿನ್ ಕಾಯಿಲೆ ಮುಂದುವರಿದವರಿಗೆ. ಯಾವುದೂ ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ಫ್ರಂಟೋಟೆಂಪೊರಲ್ ಬಗೆಗೆ ಡೊನೆಪೆಜಿಲ್ ಗುಂಪು ಕೊಡಬಾರದು. ಯಾವ ಬಗೆಯ ಕಾಯಿಲೆ ಎಂದು ಸರಿಯಾಗಿ ಹುಡುಕದೆ ಚೀಟಿ ಬರೆದರೆ ಆಗುವ ತೊಂದರೆ ಇದೇ. ಡೊನೆಪೆಜಿಲ್ ಶುರು ಮಾಡುವ ಮೊದಲು ನಾಡಿ ನೋಡುತ್ತೇವೆ, ಯಾಕೆಂದರೆ ಅದು ಹೃದಯದ ಬಡಿತ ನಿಧಾನ ಮಾಡಬಹುದು. 5 ಮಿಲಿಗ್ರಾಂನಿಂದ ಆರಂಭ. ವಾಕರಿಕೆ, ಭೇದಿ, ಕೆಟ್ಟ ಕನಸು ಬಂದರೆ ಫೋನ್ ಮಾಡಿ, ಮುಂದಿನ ಭೇಟಿಯವರೆಗೆ ಸಹಿಸಿಕೊಂಡು ಕೂರಬೇಡಿ.

ರೋಗಿ ರೇಗಿದಾಗ, ರಾತ್ರಿ ಮಲಗದಾಗ "ಏನಾದರೂ ಕೊಟ್ಟು ಮಲಗಿಸಿ" ಎಂಬ ಬೇಡಿಕೆ ಬರುತ್ತದೆ. ನೋಡಿಕೊಳ್ಳುವವರ ಸುಸ್ತು ನಮಗೆ ಗೊತ್ತು. ಆದರೆ ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಆಂಟಿಸೈಕೋಟಿಕ್ ಮಾತ್ರೆಗಳು (ತೀವ್ರ ಮಾನಸಿಕ ಕಾಯಿಲೆಗೆ ಕೊಡುವಂಥವು) ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಕೆ ಕೊಟ್ಟಿದೆ. ಲೆವಿ ಬಾಡಿಯಲ್ಲಿ ಈ ಗುಂಪಿನ ಹ್ಯಾಲೊಪೆರಿಡಾಲ್‌ನಂಥವು ಇನ್ನೂ ಅಪಾಯ. ಮೊದಲು ನೋವು, ಮಲಬದ್ಧತೆ, ಮೂತ್ರದ ಸೋಂಕು, ಹಸಿವು ಏನಾದರೂ ಇದೆಯೇ ನೋಡುತ್ತೇವೆ. ಹೇಳಿಕೊಳ್ಳಲು ಆಗದವರ ನೋವು ಸಿಟ್ಟಾಗಿ ಹೊರಬರುವುದೇ ಜಾಸ್ತಿ.

ಆಲ್ಝೈಮರ್‌ನ ಹೊಸ ಇಂಜೆಕ್ಷನ್‌ಗಳ ಸುದ್ದಿ ನೀವು ಓದಿರುತ್ತೀರಿ. ಲೆಕಾನೆಮಾಬ್‌ಗೆ ಎಫ್‌ಡಿಎ 2023ರಲ್ಲಿ, ಡೊನಾನೆಮಾಬ್‌ಗೆ 2024ರಲ್ಲಿ ಒಪ್ಪಿಗೆ ಕೊಟ್ಟಿತು. ಲೆಕಾನೆಮಾಬ್‌ನ 18 ತಿಂಗಳ ಪ್ರಯೋಗದಲ್ಲಿ ಇಳಿಕೆ ಶೇ 27ರಷ್ಟು ನಿಧಾನವಾಯಿತು. ಕೇಳಲು ದೊಡ್ಡ ಸಂಖ್ಯೆ. ನೆನಪು, ದಿನದ ಕೆಲಸಗಳನ್ನು ಅಳೆಯುವ 18 ಅಂಕದ ಅಳತೆಯಲ್ಲಿ ಆ ವ್ಯತ್ಯಾಸ 0.45 ಅಂಕ. ಔಷಧಿ ಪಡೆದವರಲ್ಲಿ ಶೇ 12.6 ಮಂದಿಗೆ ಮಿದುಳಿನ ಊತ ಸ್ಕ್ಯಾನ್‌ನಲ್ಲಿ ಕಂಡಿತು, ಹೆಚ್ಚಿನವರಿಗೆ ಅದರಿಂದ ಲಕ್ಷಣಗಳೇನೂ ಇರಲಿಲ್ಲ. ಇದು ಆರಂಭದ ಹಂತದ ಆಲ್ಝೈಮರ್‌ಗೆ ಮಾತ್ರ, ಅಮಿಲಾಯ್ಡ್ ಇದೆ ಎಂದು ಖಚಿತವಾದ ಮೇಲೆ. ಜೊತೆಗೆ ಮತ್ತೆ ಮತ್ತೆ ಎಂಆರ್‌ಐ ಬೇಕು. ಅಷ್ಟು ನಿಗಾ ಇಡುವ ವ್ಯವಸ್ಥೆ ನಮ್ಮಂಥ ಸಣ್ಣ ಕ್ಲಿನಿಕ್‌ನಲ್ಲಿ ಇಲ್ಲ. ಅದಕ್ಕೆ ಇಲ್ಲಿ ಕೊಡುವುದಿಲ್ಲ. ಸೂಕ್ತ ಎನಿಸಿದವರನ್ನು ದೊಡ್ಡ ಕೇಂದ್ರಕ್ಕೆ ಕಳಿಸುತ್ತೇವೆ, ಈ ಅಂಕಿಗಳನ್ನು ಎದುರಿಗಿಟ್ಟೇ.

ಕೌಂಟರ್‌ನ ಪಕ್ಕ ಇದ್ದ "ನೆನಪಿನ ಶಕ್ತಿ" ಮಾತ್ರೆಗಳ ಕಪಾಟನ್ನೂ ತೆಗೆಯುತ್ತಿದ್ದೇವೆ. ಇಂಥ ಮಾತ್ರೆಗಳಲ್ಲಿ ಬಳಸುವ ಗಿಂಕೊ ಎಂಬ ಮರದ ಎಲೆಯ ಸಾರದ ಬಗ್ಗೆ 3,000ಕ್ಕೂ ಹೆಚ್ಚು ವೃದ್ಧರಲ್ಲಿ ನಡೆದ ಪ್ರಯೋಗದ ಫಲಿತಾಂಶ 2008ರಲ್ಲೇ ಬಂದಿದೆ. ಅದು ಡಿಮೆನ್ಷಿಯಾವನ್ನು ತಡೆಯಲಿಲ್ಲ.

ಬಿಲ್ ವಿಷಯ. ಭೇಟಿ, ರಕ್ತ ಪರೀಕ್ಷೆ, ಬೇರೆ ಪರೀಕ್ಷೆ ಎಲ್ಲಕ್ಕೂ ಬಿಡಿ ಬಿಡಿಯಾಗಿ ಬರೆಯುತ್ತೇವೆ. ಬೇಡವಾದ ಪರೀಕ್ಷೆಗೆ ದುಡ್ಡು ಹೋಗುವುದಿಲ್ಲ. ಹಲವರಿಗೆ ಒಟ್ಟು ಖರ್ಚು ಮೊದಲಿಗಿಂತ ಕಡಿಮೆ ಆಗುತ್ತದೆ. ಕೆಲವರಿಗೆ, ಅಂದರೆ ಮೂರನೇ ಭೇಟಿ ಬೇಕಾದವರಿಗೆ, ಸ್ವಲ್ಪ ಜಾಸ್ತಿಯೇ ಆಗಬಹುದು. ವಿಮೆ ಇರುವವರು ಹೊರರೋಗಿ ಭೇಟಿಗೆ ಹಣ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಎರಡನೇ ಭೇಟಿಯ ನಂತರ ಮೂರು ತಿಂಗಳಿಗೆ ನೋಡಿಕೊಳ್ಳುವವರಿಗೆಂದೇ ಒಂದು ಭೇಟಿ ಇಟ್ಟಿದ್ದೇವೆ, ರೋಗಿಯನ್ನು ಕರೆತರಬೇಕಿಲ್ಲ. ಅದಕ್ಕೆ ಫೀಸ್ ಇಲ್ಲ.

ಪ್ಯಾಕೇಜ್‌ಗೆ ಈಗಾಗಲೇ ದುಡ್ಡು ಕಟ್ಟಿದವರು ಪೂರ್ತಿ ವಾಪಸ್ ಪಡೆಯಬಹುದು, ಅಥವಾ ಹೊಸ ಪದ್ಧತಿಗೆ ಜಮಾ ಮಾಡಿಸಬಹುದು. ಹಿಂದೆ ಪ್ಯಾಕೇಜ್ ಮಾಡಿಸಿಕೊಂಡವರು ಎಲ್ಲವನ್ನೂ ಮತ್ತೆ ಮಾಡಿಸಬೇಕಿಲ್ಲ. ಹಳೆಯ ಫೈಲ್ ತನ್ನಿ, ಬಿಟ್ಟುಹೋದದ್ದನ್ನಷ್ಟೇ ಸೇರಿಸುತ್ತೇವೆ. ಸಂಜೆ ಹೊತ್ತಿಗೆ ಗೊಂದಲ ಹೆಚ್ಚಾಗುವವರಿಗೆ ಬೆಳಗಿನ ಸಮಯವನ್ನೇ ಕೇಳಿ, ಅವರಿಗೆಂದೇ ಬೆಳಗಿನ ಕೆಲವು ಸ್ಲಾಟ್ ಕಾದಿರಿಸಿದ್ದೇವೆ. ಬರುವಾಗ ಕನ್ನಡಕ, ಹಿಯರಿಂಗ್ ಏಡ್, ಅದಕ್ಕೊಂದು ಹೆಚ್ಚುವರಿ ಬ್ಯಾಟರಿ ಜೊತೆಗಿರಲಿ.

ಇಂತಿ,
ಕ್ಲಿನಿಕ್‌ನ ವೈದ್ಯರು, ನರ್ಸ್‌ಗಳು ಮತ್ತು ಕೌಂಟರ್ ಸಿಬ್ಬಂದಿ