ಜಿಪ್ಸಿಯನ್ನು ಎತ್ತರಿಸುವ ಮುನ್ನ

ಬಸವನಗುಡಿ, ಬೆಂಗಳೂರು

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಹಳೆಯ ಮಾರುತಿ ಜಿಪ್ಸಿ ಜೀಪನ್ನು ನಾಲ್ಕು ಇಂಚು ಎತ್ತರಿಸಬೇಕೆಂದು ನೀನು ಬರೆದದ್ದನ್ನು ಎರಡು ಸಲ ಓದಿದೆ. ಆ ಗಾಡಿಯ ಮೇಲೆ ನಿನಗಿರುವಷ್ಟೇ ಪ್ರೀತಿ ನನಗೂ ಇದೆ. ಅದಕ್ಕೇ ಹೇಳುತ್ತಿದ್ದೇನೆ, ಎತ್ತರಿಸುವ ಬಿಡಿಭಾಗಗಳ ಕಿಟ್‌ಗೆ ಈಗಲೇ ಮುಂಗಡ ಕೊಡಬೇಡ.

ಕಳೆದ ಸಲ ನೀನು ಬಂದಾಗ ಗಾಡಿಯ ಕೆಳಗೆ ಬಗ್ಗಿ ನೋಡಿದ್ದೆ. ಉಕ್ಕಿನ ಪಟ್ಟಿಗಳನ್ನು ಜೋಡಿಸಿದ, ಬಿಲ್ಲಿನಂತೆ ಬಾಗಿರಬೇಕಾದ ಹಿಂದಿನ ಲೀಫ್ ಸ್ಪ್ರಿಂಗ್ ಬಲಬದಿಯಲ್ಲಿ ಹೆಚ್ಚೂಕಡಿಮೆ ನೆಟ್ಟಗಾಗಿದೆ. ಸ್ಪ್ರಿಂಗ್‌ನ ತುದಿಯನ್ನು ಗಾಡಿಯ ಚೌಕಟ್ಟಿಗೆ ಜೋಡಿಸುವ ಕೊಂಡಿ, ಅಂದರೆ ಶಾಕಲ್‌ನ ರಬ್ಬರ್ ಬುಷ್ ಒಣಗಿ, ಬಿರುಕುಬಿಟ್ಟು, ಒಂದು ಬದಿಗೆ ಹೊರಬಂದಿದೆ. ಪಟ್ಟಿಗಳ ನಡುವೆ ಬೆರಳಿಟ್ಟರೆ ಕೆಂಪು ತುಕ್ಕಿನ ಪುಡಿ. ಇಂಥ ಗಾಡಿಯನ್ನು ಎತ್ತರಿಸುವುದೆಂದರೆ ಪಾಯ ಕುಸಿದ ಮನೆಗೆ ಮಹಡಿ ಕಟ್ಟಿದಂತೆ. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಪ್ರತಿ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು ಬರೆದಿಡು. ಎಡಕ್ಕೂ ಬಲಕ್ಕೂ ಎಷ್ಟು ವ್ಯತ್ಯಾಸವಿದೆ ಎಂಬುದು ನಿನಗೇ ತಿಳಿಯುತ್ತದೆ. ನಾಲ್ಕೂ ಸ್ಪ್ರಿಂಗ್‌ಗಳನ್ನು ಕಂಪನಿಯ ಮೂಲ ಬಾಗಿಗೆ ತಂದು, ಹೊಸ ಬುಷ್ ಹಾಕಿಸಿ, ಒಂದು ಮಳೆಗಾಲ ಓಡಿಸು. ನಿನಗೆ ಬೇಕಾಗಿದ್ದ ಎತ್ತರದಲ್ಲಿ ಒಂದು ಪಾಲು ಅಲ್ಲೇ ಮರಳಿ ಸಿಗುತ್ತದೆ.

ಸಸ್ಪೆನ್ಷನ್ ಎತ್ತರಿಸಿದರೆ ಮೇಲೇರುವುದು ಚಾಸಿ, ಅಂದರೆ ಗಾಡಿಯ ಚೌಕಟ್ಟು, ಮತ್ತು ಬಾಡಿ. ಚಕ್ರಗಳನ್ನು ಹೊತ್ತ ಆಕ್ಸಲ್ ಇದ್ದಲ್ಲೇ ಇರುತ್ತದೆ. ಆಕ್ಸಲ್‌ನಲ್ಲಿ ಉಬ್ಬಿರುವ, ಕಲ್ಲಿಗೆ ಬಡಿಯುವ ಡಿಫರೆನ್ಷಿಯಲ್ (ಗೇರ್) ಬುರುಡೆಯನ್ನು ಎತ್ತುವುದು ದೊಡ್ಡ ಟೈರ್ ಮಾತ್ರ, ಅದೂ ಹೆಚ್ಚಾದ ವ್ಯಾಸದ ಅರ್ಧದಷ್ಟು. 205/70 ಆರ್15 ಅಳತೆಯ ಟೈರ್ ತೆಗೆದು 215/75 ಆರ್15 ಹಾಕಿದರೆ ವ್ಯಾಸ ಸುಮಾರು 35 ಮಿ.ಮೀ. ಹೆಚ್ಚುತ್ತದೆ, ಬುರುಡೆ ಏರುವುದು 18 ಮಿ.ಮೀ. ಒಳಗೆ.

ನಿನ್ನ ವಯಸ್ಸಿನಲ್ಲಿ ನಾನು ನನ್ನ ಜೀಪಿಗೆ ಉದ್ದದ ಶಾಕಲ್ ಹಾಕಿಸಿದ್ದೆ. ಶಾಕಲ್ ಎರಡು ಇಂಚು ಉದ್ದವಾದರೆ ಗಾಡಿ ಏರುವುದು ಒಂದೇ ಇಂಚು, ಆದರೆ ಆಕ್ಸಲ್ ತಿರುಗಿ, ಸ್ಟಿಯರಿಂಗನ್ನು ನೇರಕ್ಕೆ ತರುವ ಕ್ಯಾಸ್ಟರ್ ಕೋನ ಕೆಡುತ್ತದೆ. ಕನಕಪುರ ರಸ್ತೆಯಲ್ಲಿ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುತ್ತಲೇ ಇರಲಿಲ್ಲ. ಅದನ್ನು ಹೇಗೋ ಸಹಿಸಿಕೊಂಡೆ. ಆಮೇಲೆ ಬಿಸಿಲೆ ಘಾಟಿಯಲ್ಲಿ ಹಿಂದಿನ ಚಕ್ರ ಗುಂಡಿಗೆ ಇಳಿದು ತೂಗಾಡಿದಾಗ ಬ್ರೇಕ್ ಎಣ್ಣೆಯ ಹಳೆಯ ಕೊಳವೆ, ಅಂದರೆ ಬ್ರೇಕ್ ಹೋಸ್, ಬಿಗಿದು ಕಿತ್ತುಹೋಯಿತು. ಪೆಡಲ್ ನೆಲ ಮುಟ್ಟಿತು. ಪಕ್ಕದಲ್ಲಿ ನಿನ್ನ ದೊಡ್ಡಮ್ಮ ಕುಳಿತಿದ್ದಳು. ಆ ಕ್ಷಣ ನೆನೆದರೆ ಇಂದಿಗೂ ನನ್ನ ಅಂಗೈ ತಣ್ಣಗಾಗುತ್ತದೆ. ಅದಕ್ಕೇ ಮತ್ತೆ ಮತ್ತೆ ಹೇಳುತ್ತೇನೆ: ಚಕ್ರವನ್ನು ಪೂರ್ತಿ ಜೋತುಬಿಟ್ಟು ಹೋಸ್ ಎಳೆದುಕೊಳ್ಳುತ್ತದೆಯೇ ಎಂದು ನೋಡದೆ ಗಾಡಿಯನ್ನು ರಸ್ತೆಗೆ ಇಳಿಸಬೇಡ.

ಮಳೆಗಾಲದ ನಂತರವೂ ಬೇಕೆನಿಸಿದರೆ ಎರಡು ಇಂಚಿಗೆ ನಿಲ್ಲಿಸು. ಅದಕ್ಕೆ ತಕ್ಕ ಉದ್ದದ ಶಾಕ್ ಅಬ್ಸಾರ್ಬರ್ ಬೇಕು. ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಕೋನ, ಸ್ಟಿಯರಿಂಗ್‌ನಿಂದ ಚಕ್ರದತ್ತ ಹೋಗುವ ಡ್ರ್ಯಾಗ್ ಲಿಂಕ್ ಸರಳಿನ ಓರೆ ಎರಡನ್ನೂ ನೋಡಬೇಕು. ಜಿಪ್ಸಿ ಅಗಲ ಕಡಿಮೆಯ ಗಾಡಿ, ಎತ್ತರಿಸಿದಷ್ಟೂ ತಿರುವಿನಲ್ಲಿ ವಾಲುತ್ತದೆ.

ಕಾನೂನನ್ನೂ ಮರೆಯಬೇಡ. ಕಂಪನಿಯ ಮೂಲ ವಿವರಕ್ಕೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಮೋಟಾರು ವಾಹನ ಕಾಯ್ದೆಗೆ ಅದೇ ವರ್ಷ ಆದ ತಿದ್ದುಪಡಿಯಂತೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಎರಡು ಇಂಚಿನ ಮಾತು ಎತ್ತುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದುಕೋ.

ಸ್ಪ್ರಿಂಗ್ ಬದಲಿಸುವ ದಿನ ನನಗೆ ಫೋನ್ ಮಾಡು, ಬರುತ್ತೇನೆ. ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಹಳೆಯ ಯು-ಬೋಲ್ಟ್‌ಗಳನ್ನು ಮತ್ತೆ ಹಾಕಲು ಬಿಡಬೇಡ, ಹೊಸದನ್ನೇ ತಂದಿಡು. ಶಾಕಲ್ ಬೋಲ್ಟ್‌ಗಳ ಕೊನೆಯ ಬಿಗಿತ ಗಾಡಿ ತನ್ನ ಚಕ್ರಗಳ ಮೇಲೆ ನಿಂತ ಮೇಲೆಯೇ ಆಗಬೇಕು.

ನಿನ್ನ ದೊಡ್ಡಪ್ಪ