ಪುಟ್ಟಿಗೆ, ಏನು ಓದ್ಲಿ ಅಂತ ಕೇಳಿದ್ದಕ್ಕೆ

ಪುಟ್ಟಿ,

ನಿನ್ ಮೇಲ್ ಬಂತು. ಆಫೀಸಿನ ಕಥೆ, ಮನೆ ಖಾಲಿ ಮಾಡಿದ್ದು, ಆ ಹುಡುಗನ ವಿಷ್ಯ, ಇದನ್ನೆಲ್ಲ ನಿಮ್ಮಮ್ಮ ಆಗ್ಲೇ ಫೋನಲ್ಲಿ ಒಂದೊಂದಾಗಿ ಹೇಳಿ ಮುಗ್ಸಿದಾಳೆ, ನಾನು ಮತ್ತೆ ಕೆದಕಲ್ಲ. ನನ್ ತಲೇಲಿ ಕೂತಿರೋದು ನೀನು ಕೊನೇಲಿ ಬರ್ದಿದ್ದು ಒಂದೇ. ಓದೋಕೆ ಯಾವ್ದಾದ್ರೂ ಜಪಾನಿನ ಮಾಂಗಾ ಕಾಮಿಕ್ಸ್ ಹೇಳು ದೊಡ್ಡಮ್ಮ, ಇಂಟರ್ನೆಟ್ಟಲ್ಲಿ ಬರೋ ವೆಬ್‌ಕಾಮಿಕ್ ಆದ್ರೂ ಸರಿ, ಮುಂಚೆ ಹೊಟ್ಟೆ ಹಿಡ್ಕೊಂಡು ನಗ್ತಿದ್ದ ಪುಟಗಳನ್ನೇ ತೆಗೆದು ಕೂತ್ರೂ ಏನೂ ಅನ್ಸ್ತಿಲ್ಲ, ಇನ್ಮೇಲೆ ಹೀಗೇ ಇರತ್ತೇನೋ ಅಂತ. ಲಿಸ್ಟ್ ಕೇಳಿದ್ದೀಯ, ಕೊಡ್ತೀನಿ, ಆದ್ರೆ ಆ "ಇನ್ಮೇಲೆ ಹೀಗೇ ಇರತ್ತೇನೋ" ಅನ್ನೋದು ಓದಿದ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ.

ಅದೂ ನನ್ನ ಕೇಳ್ತಿರೋದು ನೀನು! ಮಾಂಗಾನ ಬಲಗಡೆಯಿಂದ ಓದ್ಬೇಕು ಅಂತ ನಂಗೆ ಹೇಳ್ಕೊಟ್ಟಿದ್ದೇ ನೀನಲ್ವಾ, ಪಿಯುಸಿ ರಜೇಲಿ ಬಂದಾಗ ನಾನು ಎಡಗಡೆಯಿಂದ ಶುರು ಮಾಡಿ, ಇದೇನೇ ಇದು ಸತ್ತವನು ಎದ್ದು ಬರ್ತಿದಾನೆ ಅಂದಾಗ ನೀನು ಸೋಫಾದಿಂದ ಕೆಳಗೆ ಬಿದ್ದು ನಕ್ಕಿದ್ದೆ. ಆ ಹುಡುಗಿ ಹೀಗೆ ಬರೀತಾಳೆ ಅಂದ್ರೆ ನಂಗೆ ಹೇಗಾಗ್ಬೇಕು.

ನಿಮ್ಮಜ್ಜಿ ಇದೇ ಮಾತು ಹೇಳಿದ್ಳು, ನಿಂಗೆ ಗೊತ್ತಿರೋಕೆ ಸಾಧ್ಯ ಇಲ್ಲ, ನಿಮ್ಮಮ್ಮಂಗೂ ನೆನಪಿದ್ಯೋ ಇಲ್ವೋ. ತ್ರಿವೇಣಿ, ಎಂ.ಕೆ. ಇಂದಿರಾ ಅಂದ್ರೆ ಅಡುಗೆ ಮನೇಲಿ ಸೀದ ವಾಸನೆ ಬಂದ್ರೂ ಏಳದೇ ಓದ್ತಿದ್ದವಳು, ತಾತ ಹೋದ್ಮೇಲೆ ಒಂದಿನ ಪುಸ್ತಕ ಮುಚ್ಚಿಟ್ಟು, ಬರೀ ಅಕ್ಷರ ಕಾಣತ್ತೆ ಕಣೇ, ಒಳಗೆ ಏನೂ ಹೋಗಲ್ಲ ಅಂದ್ಳು. ನಾವೆಲ್ಲ ಸೇರ್ಕೊಂಡು ಅವಳನ್ನ ಕಣ್ಣಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ ಹೊಸ ಕನ್ನಡಕ ಮಾಡಿಸ್ದ್ವಿ. ಅವಳು ಹಾಕ್ಕೊಂಡ್ಳು, ಚೆನ್ನಾಗಿ ಕಾಣತ್ತೆ ಅಂದ್ಳು, ಅಷ್ಟೇ. ಆಮೇಲೆ ಓದೋದು ನಾನು ನೋಡ್ಲೇ ಇಲ್ಲ. ಒಳಗೆ ಹೋಗಲ್ಲ ಅಂದ್ರೆ ಹೇಗಮ್ಮ, ಯಾವಾಗಿಂದ ಅಂತ ಒಂದು ಪ್ರಶ್ನೆ ಕೇಳ್ಬಹುದಿತ್ತು ನಾನು.

ಸರಿ, ಲಿಸ್ಟು. ಮೊದಲನೇದು ಮಾಂಗಾ ಅಲ್ಲ, ಆಲಿ ಬ್ರಾಶ್ ಅನ್ನೋ ಅಮೆರಿಕದ ಹೆಂಗಸು ಬರ್ದ ವೆಬ್‌ಕಾಮಿಕ್, ಹೈಪರ್‌ಬೋಲ್ ಆ್ಯಂಡ್ ಎ ಹಾಫ್ ಅಂತ. ಚಿತ್ರ ನೋಡಿದ್ರೆ ಒಂದನೇ ಕ್ಲಾಸಿನ ಮಗು ಕಂಪ್ಯೂಟರಲ್ಲಿ ಗೀಚಿದ ಹಾಗಿದೆ, ಗುಲಾಬಿ ಫ್ರಾಕು, ತಲೆ ಮೇಲೆ ಜುಟ್ಟಿನ ಬದಲು ಒಂದು ಹಳದಿ ತ್ರಿಕೋನ, ಗುಡ್ಡೆ ಕಣ್ಣು. ನಾಯಿ ಕಥೆ ಎಲ್ಲ ಇವೆ, ನಕ್ಕು ಸಾಕಾಗತ್ತೆ, ಅದಿರ್ಲಿ. 2011ರಲ್ಲಿ ತನ್ನ ಖಿನ್ನತೆ ಬಗ್ಗೆ ಒಂದು ಬರ್ದು ಹಾಕಿದ್ಳು, ಆಮೇಲೆ ಒಂದೂವರೆ ವರ್ಷ ಹೆಚ್ಚುಕಮ್ಮಿ ನಾಪತ್ತೆ, 2013ರಲ್ಲಿ ವಾಪಸ್ ಬಂದು ಎರಡನೇ ಭಾಗ ಹಾಕಿದ್ಳು. ಆ ಎರಡನೇದ್ರಲ್ಲಿ ನೀನು ಬರ್ದಿದ್ದೇ ಇದೆ ಪುಟ್ಟಿ. ಚಿಕ್ಕವಳಿದ್ದಾಗ ಆಟದ ಸಾಮಾನು ಇಟ್ಕೊಂಡು ಗಂಟೆಗಟ್ಲೆ ಆಡ್ತಿದ್ದೆ, ದೊಡ್ಡವಳಾಗ್ತಾ ಅದೇ ಬೊಂಬೆ, ಅದೇ ಆಟ, ಆದ್ರೆ ಮಜಾ ಎಲ್ಲಿ ಹೋಯ್ತೋ ಗೊತ್ತಾಗ್ಲಿಲ್ಲ, ಖಿನ್ನತೇಲಿ ಎಲ್ಲಾದ್ರ ಜೊತೆನೂ ಹಾಗೇ ಆಯ್ತು ಅಂತಾಳೆ.

ಅದ್ರಲ್ಲೇ ಮೀನಿನ ಪ್ರಸಂಗ ಬರತ್ತೆ. ನನ್ ಮೀನು ಸತ್ತು ಹೋಗಿವೆ ಅಂತ ಇವಳು ಹೇಳ್ತಾಳೆ, ಎದುರಿಗಿರೋರು ಅಯ್ಯೋ ಎಲ್ಲೋ ಇರ್ತವೆ ಬಾ ಹುಡ್ಕೋಣ ಅಂತಾರೆ. ಕಳೆದು ಹೋಗಿಲ್ಲ ಕಣ್ರೋ, ಇಲ್ಲೇ ಇವೆ, ಸತ್ತಿವೆ ಅಂದ್ರೂ ಕೇಳಲ್ಲ, ಯೋಗ ಮಾಡು, ಸೂರ್ಯೋದಯ ನೋಡು. ಇದನ್ನ ಓದಿದ್ಮೇಲೆ ನಿಂಗೆ ಲಿಸ್ಟ್ ಕಳ್ಸೋಕೇ ಕೈ ನಡುಗ್ತು, ನಾನೂ ಅದೇ ತಾನೇ ಮಾಡ್ತಿರೋದು, ಇದು ಓದು ಅದು ಓದು ಅಂತ ಮೀನು ಹುಡುಕ್ತಾ. ಕಡೆಗೆ ಅವಳಿಗೆ ನಗು ಬಂದಿದ್ದು ಯಾರ ಸಲಹೆಯಿಂದಲೂ ಅಲ್ಲ, ಅಡುಗೆಮನೆ ನೆಲದ ಮೇಲೆ ಬಿದ್ಕೊಂಡು ಅಳ್ತಿರ್ಬೇಕಾದ್ರೆ ಫ್ರಿಜ್ ಕೆಳಗೆ ಒಂದು ಒಣಗಿ ಸುಕ್ಕಾದ ಜೋಳದ ಕಾಳು ಕಾಣ್ಸಿ! ಯಾಕೆ ಅಂತ ಅವಳಿಗೇ ವಿವರಿಸೋಕೆ ಬರಲ್ಲ, ನಂಗೂ ಬರಲ್ಲ, ಆದ್ರೆ ನಾನೂ ನಕ್ಕೆ.

ಒಂದು ಮಾತು ಮಾತ್ರ. ಅದ್ರಲ್ಲಿ ಬದುಕಿರೋದೇ ಬೇಡ ಅನ್ಸೋ ಭಾಗಾನೂ ಇದೆ. ಒಬ್ಳೇ ಇರೋ ರಾತ್ರಿ ಓದ್ಬೇಡ, ಹಗಲು ಹೊತ್ತು ಓದು. ಮತ್ತೆ ನಿಂಗೂ ಅಂಥ ಯೋಚ್ನೆ ಬಂದಿದ್ಯಾ? ಸುತ್ತಿ ಬಳಸಿ ಕೇಳೋಕೆ ನಂಗೆ ಬರಲ್ಲ, ನೇರವಾಗಿ ಕೇಳ್ತಿದೀನಿ, ನೇರವಾಗಿ ಹೇಳು. ನಿಮ್ಮಮ್ಮಂಗೆ ಹೇಳಲ್ಲ ಅಂತ ಪ್ರಮಾಣ ಮಾಡಲ್ಲ, ಆದ್ರೆ ಬಯ್ಯಲ್ಲ.

ಆಮೇಲೆ ಯೊಟ್ಸುಬಾ ಅನ್ನೋ ಮಾಂಗಾ ನೆನಪಿಗೆ ಬಂತು. ಅಜುಮಾ ಕಿಯೊಹಿಕೊ 2003ರಿಂದ ಬರೀತಿರೋದು, ಐದು ವರ್ಷದ ಹಸಿರು ಕೂದಲಿನ ಹುಡುಗಿ, ಅಪ್ಪನ ಜೊತೆ ಹೊಸ ಮನೆಗೆ ಬರ್ತಾಳೆ, ಪಕ್ಕದ ಮನೇಲಿ ಮೂರು ಹೆಣ್ಣುಮಕ್ಕಳು, ಅಷ್ಟೇ ಕಥೆ. ಎಸಿ ಹಾಕಿದ್ರೆ ಭೂಮಿ ಬಿಸಿಯಾಗತ್ತೆ ಅಂತ ಯಾರೋ ಹೇಳಿದ್ದಕ್ಕೆ ಪಕ್ಕದ ಮನೆಯವ್ರನ್ನೆಲ್ಲ ವೈರಿಗಳ ಥರ ನೋಡೋದು, ರಟ್ಟಿನ ಡಬ್ಬಿ ಹಾಕ್ಕೊಂಡ ಹುಡುಗೀನ ನಿಜವಾದ ರೋಬೋಟ್ ಅಂತ ನಂಬೋದು. ಡ್ಯಾನ್ಬೋ ಅನ್ನೋ ಆ ರಟ್ಟಿನ ರೋಬೋಟಿನ ಬೊಂಬೆ ನಿನ್ ಕಾಲೇಜ್ ಬ್ಯಾಗಲ್ಲೂ ನೇತಾಡ್ತಿತ್ತು. ಎಲ್ರೂ ಬೇಜಾರಾದೋರಿಗೆ ಮೊದಲು ಇದನ್ನೇ ಹೇಳ್ತಾರೆ, ಆದ್ರೆ ನಂಗೆ ಒಂದು ಅನುಮಾನ. ಮೊದಲ್ನೇ ಸಂಪುಟದ ಕೊನೇಲಿ ಜೋರು ಮಳೆ ಬರತ್ತಲ್ಲ, ಅವಳು ನೆನೀತಾ ಕುಣೀತಿರ್ತಾಳೆ, ಅಪ್ಪ ಅದನ್ನ ನೋಡ್ತಾ ಇವಳು ಏನನ್ನ ಬೇಕಾದ್ರೂ ಖುಷಿಯಾಗಿ ತಗೋತಾಳೆ, ಇವಳನ್ನ ಯಾರೂ ಸೋಲ್ಸೋಕಾಗಲ್ಲ ಅನ್ನೋ ಅರ್ಥದಲ್ಲಿ ಏನೋ ಅಂತಾನೆ. ಅಲ್ಲಿ ನಂಗೆ ಯಾವಾಗ್ಲೂ ಕಣ್ಣು ತುಂಬತ್ತೆ. ಆದ್ರೆ ಈಗ ನೀನು ಅದನ್ನ ಓದಿದ್ರೆ ಹೊಟ್ಟೆಗೆ ಗುದ್ದಿದ ಹಾಗಾಗ್ಬಹುದು, ಐದು ವರ್ಷದ ಮಗುಗೆ ಬರೋದು ನಂಗ್ಯಾಕೆ ಬರಲ್ಲ ಅಂತ. ಅದಕ್ಕೆ ಮೊದಲ್ನೇದು ಬಿಟ್ಟು ಎರಡು ಮೂರರಿಂದ ತೆಗಿ. ನಡುವಿಂದ ಓದಿದ್ರೆ ಏನೂ ಕೆಡಲ್ಲ.

ನಗೋಕೆ ಅಂತ ಓದೋದೇ ಈಗ ನಿಂಗೆ ಪರೀಕ್ಷೆ ಥರ ಆಗಿದ್ಯೇನೋ ಅಂತ ನನ್ನ ಊಹೆ. ಪುಟ ತಿರುಗಿಸ್ತಾ ಒಳಗೆ ಯಾರೋ ಕೂತು ಈಗ ನಕ್ಯಾ, ಈಗ ನಕ್ಯಾ ಅಂತ ಕೇಳ್ತಿದ್ರೆ ಯಾರಿಗೆ ತಾನೇ ನಗು ಬರತ್ತೆ. ತಪ್ಪಿದ್ರೆ ಹೇಳು, ನಂಗೇನು ಗೊತ್ತು.

ಅಲ್ಲ, ಸ್ವಲ್ಪ ಗೊತ್ತು. ನಾವು ಚಿಕ್ಕವ್ರಿದ್ದಾಗ ಕನ್ನಡ ಇಂದ್ರಜಾಲ ಕಾಮಿಕ್ಸ್ ಬಾಡಿಗೆಗೆ ಸಿಗೋದು, ಮ್ಯಾಂಡ್ರೇಕ್, ಬಹಾದ್ದೂರ್. ನಾನೂ ನಿಮ್ಮಮ್ಮನೂ ಒಂದೇ ಪುಸ್ತಕಕ್ಕೆ ಕಿತ್ತಾಡ್ತಿದ್ವಿ. ಚಂದಮಾಮ ಬಂದ್ರೆ ನಾನು ಮೊದಲು ತೆಗೀತಿದ್ದಿದ್ದು ಬೇತಾಳನ ಕಥೆ, ಶಂಕರ್ ಅವ್ರ ಆ ಚಿತ್ರ, ವಿಕ್ರಮಾದಿತ್ಯ ಹೆಗಲ ಮೇಲೆ ಹೆಣ ಹೊತ್ಕೊಂಡು ಕತ್ತಿ ಹಿಡ್ದು ನಡೀತಿರೋದು, ಆ ಗೆರೆಗಳ ಮೇಲೆ ಬೆರಳಾಡಿಸ್ತಾ ಕೂರ್ತಿದ್ದೆ. 1990ರಲ್ಲಿ ಇಂದ್ರಜಾಲ ನಿಂತೇ ಹೋಯ್ತು, ನಂಗೆ ಅದು ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ. ಕೆಲಸ, ಟ್ರಾನ್ಸ್‌ಫರ್, ಅತ್ತೆಯವ್ರ ಕಾಯಿಲೆ, ಓದೋ ಹುಡುಗಿ ಒಬ್ಳು ಒಳಗಿದ್ಳು ಅನ್ನೋದೇ ಮರ್ತು ಹೋಗಿತ್ತು. ಬೇಜಾರಾಗಿದ್ದು ಓದ್ಲಿಲ್ಲ ಅಂತಲ್ಲ, ಓದ್ತಿಲ್ಲ ಅಂತ ಬೇಜಾರೂ ಆಗ್ಲಿಲ್ವಲ್ಲ ಅಂತ. ನಿಂಗೆ ಬೇಜಾರಾಗಿದೆ, ಕೂತು ಒಂದು ಮೇಲ್ ಬರ್ದಿದ್ದೀಯ. ನನಗಿಂತ ವಾಸಿ ನೀನು.

ಇನ್ನೊಂದು ವಿಷ್ಯ ನಿಂಗೆ ಹೇಳಿಲ್ಲ. ನಿಮ್ಮ ದೊಡ್ಡಪ್ಪ ತೀರ್ಕೊಂಡ ವರ್ಷ ನೀನು ಒಂದು ಮಾಂಗಾ ಕೊರಿಯರ್ ಮಾಡಿದ್ಯಲ್ಲ, ಎ ಮ್ಯಾನ್ ಆ್ಯಂಡ್ ಹಿಸ್ ಕ್ಯಾಟ್, ಸಕುರಾಯಿ ಉಮಿ ಅವ್ರದ್ದು, 2017ರಲ್ಲಿ ಟ್ವಿಟರಲ್ಲಿ ಒಂದೊಂದೇ ಪುಟ ಹಾಕ್ತಾ ಶುರು ಆಗಿದ್ದು ಅಂತ ನೀನೇ ಹೇಳಿದ್ದೆ. ಹೆಂಡ್ತಿ ಕಳ್ಕೊಂಡ ವಯಸ್ಸಾದ ಪಿಯಾನೋ ಮೇಷ್ಟ್ರು, ಅಂಗಡೀಲಿ ಯಾರೂ ತಗೊಳ್ದೆ ರೇಟು ಇಳ್ಸಿ ಇಳ್ಸಿ ಇಟ್ಟಿರೋ ಚಪ್ಪಟೆ ಮುಖದ ಬೆಕ್ಕು ಫುಕುಮಾರು. ಓದಿ ತುಂಬ ಚೆನ್ನಾಗಿದೆ ಪುಟ್ಟಿ, ಅತ್ತುಬಿಟ್ಟೆ ಅಂತ ನಿಂಗೆ ಮೆಸೇಜ್ ಹಾಕಿದ್ದೆ. ಸುಳ್ಳು. ಏನೂ ಅನ್ಸಿರ್ಲಿಲ್ಲ ನಂಗೆ. ಬೆಕ್ಕು ಕಾಣಿಸ್ತಿತ್ತು, ಮೇಷ್ಟ್ರು ಕಾಣಿಸ್ತಿದ್ರು, ಅಷ್ಟೇ. ನೀನು ಅಷ್ಟು ಆಸೆ ಪಟ್ಟು ಕಳ್ಸಿದೀಯ ಅಂತ ಹಾಗೆ ಹೇಳ್ದೆ. ಆಮೇಲೆ ಯಾವಾಗ್ಲೋ ಗೂಡು ಒರೆಸ್ಬೇಕಾದ್ರೆ ಕೈಗೆ ಸಿಕ್ತು, ನಿಂತ್ಕೊಂಡೇ ತೆಗ್ದೆ, ಆ ಬೆಕ್ಕು ನನ್ನ ಯಾರು ತಗೋತಾರೆ ಅಂತ ಮುಖ ತಿರುಗಿಸಿ ಕೂತಿರೋ ಪುಟ ಬಂತು, ಒರೆಸೋ ಬಟ್ಟೆ ಕೈಲೇ ಇತ್ತು, ಗೋಳೋ ಅಂತ ಅತ್ತೆ. ಆ ಎರಡರ ಮಧ್ಯೆ ಏನಾಯ್ತು, ಯಾವತ್ತು ಸರಿ ಹೋಯ್ತು ಅಂತ ಕೇಳಿದ್ರೆ ಹೇಳೋಕೆ ನನ್ ಹತ್ರ ಉತ್ತರ ಇಲ್ಲ. ನಿಂಗೂ ಹಾಗೇ ಆಗತ್ತೆ ಅಂತ ಬರೆಯೋಕೆ ಕೈ ಹೋಗ್ತಿದೆ, ನಿಮ್ಮಜ್ಜಿಗೆ ಆಗ್ಲಿಲ್ಲ ಅನ್ನೋದು ನೆನಪಾಗಿ ನಿಲ್ತಿದೆ.

ಹಾಗಾಗಿ ಡಾಕ್ಟ್ರ ಹತ್ರ ಹೋಗು. ಕೋಪ ಮಾಡ್ಕೋಬೇಡ. ಎರಡು ವಾರಕ್ಕಿಂತ ಜಾಸ್ತಿ ಹೀಗೇ ಇದ್ರೆ ತೋರ್ಸ್ಬೇಕು ಅಂತಾರೆ, ನಿಂದು ಅದಕ್ಕಿಂತ ಜಾಸ್ತಿ ಆಗಿದೆ ಅನ್ಸತ್ತೆ. ಹೋಗೋಕೆ ಸಂಕೋಚ ಆದ್ರೆ 14416ಕ್ಕೆ ಫೋನ್ ಮಾಡು, ಟೆಲಿ ಮಾನಸ್ ಅಂತ ಸರ್ಕಾರದ್ದೇ, 2022ರಿಂದ ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ರಾತ್ರಿನೂ ಇರ್ತಾರೆ. ಕಾಮಿಕ್ಸ್ ಕೇಳಿದ್ರೆ ಈ ಮುದುಕಿ ಡಾಕ್ಟ್ರ ಹತ್ರ ಕಳ್ಸ್ತಿದಾಳೆ ಅನ್ಕೋಬೇಡ, ಕನ್ನಡಕ ಮಾಡ್ಸೋ ಕೆಲಸ ಇನ್ನೊಂದ್ಸಲ ನನ್ ಕೈಲಿ ಆಗಲ್ಲ.

ಉಳಿದಿದ್ದು ಬೇಗ ಹೇಳ್ತೀನಿ. ಯೊಕೊಹಾಮಾ ಕೈದಾಶಿ ಕಿಕೊ, ಆಶಿನಾನೊ ಹಿತೋಶಿ, 1994ರಿಂದ 2006ರವರೆಗೆ ಬಂದಿದ್ದು, 14 ಸಂಪುಟ. ಸಮುದ್ರ ಮೇಲೇರಿ ಊರುಗಳು ಮುಳುಗಿವೆ, ಜನ ಕಮ್ಮಿ ಆಗ್ತಿದಾರೆ, ಆಲ್ಫಾ ಅನ್ನೋ ರೋಬೋಟ್ ಹುಡುಗಿ ಗಿರಾಕಿಗಳೇ ಬರದ ಒಂದು ಕೆಫೆ ನಡೆಸ್ತಾ, ಎಲ್ಲೋ ಹೋಗಿರೋ ಮಾಲೀಕರಿಗೆ ಕಾಯ್ತಿರ್ತಾಳೆ. ಅವ್ರು ಒಂದು ಕ್ಯಾಮೆರಾ ಕಳಿಸ್ತಾರೆ, ಸ್ಕೂಟರ್ ಹತ್ತಿ ದಿನವೆಲ್ಲ ಸುತ್ತಿದ್ರೂ ಇದು ಬೇಡ, ಇದೂ ಬೇಡ ಅಂತ ಫೋಟೋನೇ ತೆಗೆಯಲ್ಲ ಹೆಚ್ಚುಕಮ್ಮಿ. ಎಷ್ಟೋ ಪುಟದಲ್ಲಿ ಮಾತೇ ಇಲ್ಲ. ನಿನ್ನಿಂದ ಅದು ಏನನ್ನೂ ಕೇಳಲ್ಲ, ಅದಕ್ಕೇ ಹೇಳ್ತಿರೋದು, ಸುಮ್ನೆ ಪುಟ ನೋಡ್ತಾ ಹೋದ್ರೂ ಆಯ್ತು.

ಡಂಜನ್ ಮೆಶಿ ನೀನು ಅರ್ಧಕ್ಕೆ ಬಿಟ್ಟಿದ್ದೆ ಅಲ್ವಾ. ಕುಯಿ ರ್‍ಯೋಕೊ ಅದನ್ನ 2023ರಲ್ಲಿ ಮುಗ್ಸಿದಾರೆ, ಅದೂ 14 ಸಂಪುಟವೇ. ಹೀರೋನ ತಂಗೀನ ಕೆಂಪು ಡ್ರ್ಯಾಗನ್ ನುಂಗಿದೆ, ಬಿಡಿಸೋಕೆ ಹೋಗ್ಬೇಕು, ಕೈಲಿ ಕಾಸಿಲ್ಲ, ಅದಕ್ಕೆ ದಾರೀಲಿ ಸಿಕ್ಕ ರಾಕ್ಷಸ ಪ್ರಾಣಿಗಳನ್ನೇ ಬೇಯ್ಸಿ ತಿನ್ನೋದು. ನಾನು ಮೊಟ್ಟೇನೂ ಮುಟ್ಟದವಳು, ಚೇಳಿನ ಸಾರು ಮಾಡೋ ರೆಸಿಪಿನ ಬಾಯಿ ಚಪ್ಪರಿಸ್ಕೊಂಡು ಓದಿದೀನಿ. ಆ ಕುಳ್ಳ ಅಡುಗೆಯವ್ನು ಸೆನ್ಶಿ, ಎಂಥ ಸಂಕಟ ಇದ್ರೂ ಮೊದಲು ಹೊತ್ತಿಗೆ ಸರಿಯಾಗಿ ತಿನ್ನಿ ಅಂತ ಗದರ್ತಾನೆ. ನೀನು ಊಟ ಮಾಡ್ತಿದ್ದೀಯಾ? ಮ್ಯಾಗಿ ಲೆಕ್ಕಕ್ಕಿಲ್ಲ.

ರಾತ್ರಿ ಮಲ್ಕೊಂಡು ಫೋನಲ್ಲಿ ವೆಬ್‌ಟೂನ್ ಕಾಮಿಕ್ಸ್ ಕೆಳಗೆ ಕೆಳಗೆ ಎಳೀತಾ ಹೋಗೋದು ಸ್ವಲ್ಪ ದಿನ ಬಿಡೋಕಾಗತ್ತಾ ನೋಡು, ಬೆಳಗಿನ ಜಾವ ಆಗಿರತ್ತೆ, ಏನು ಓದಿದೆ ಅಂತ ನೆನಪಿರಲ್ಲ, ನನಗೇ ಆಗಿದೆ. ಅದ್ರ ಬದಲು ರೋಹನ್ ಚಕ್ರವರ್ತಿ ಅವ್ರ ಗ್ರೀನ್ ಹ್ಯೂಮರ್ ದಿನಕ್ಕೊಂದು ನೋಡು, ನಮ್ಮ ದೇಶದ ಕಪ್ಪೆ, ಗೂಬೆ, ಹುಲಿಗಳೇ ಮಾತಾಡೋ ಕಾರ್ಟೂನು, ಅರ್ಧ ನಿಮಿಷದಲ್ಲಿ ಮುಗಿಯತ್ತೆ. ನಗು ಬರ್ದಿದ್ರೆ ಕನಿಷ್ಠ ಒಂದು ಕಪ್ಪೆ ಹೆಸರಾದ್ರೂ ಗೊತ್ತಾಗತ್ತೆ. ಇದನ್ನೆಲ್ಲ ಮಾಡ್ಲೇಬೇಕು ಅಂತೇನಿಲ್ಲ, ಯಾವ್ದೂ ಬೇಡ ಅನ್ಸಿದ್ರೆ ಬೇಡ. ಚೆನ್ನಾಗಿತ್ತು ದೊಡ್ಡಮ್ಮ ಅಂತ ನಂಗೋಸ್ಕರ ಮೆಸೇಜ್ ಹಾಕೋದು ಮಾತ್ರ ಬೇಡ, ಏನೂ ಅನ್ಸ್ಲಿಲ್ಲ ಅಂದ್ರೆ ಏನೂ ಅನ್ಸ್ಲಿಲ್ಲ ಅಂತಾನೇ ಹಾಕು.

ಯೊಟ್ಸುಬಾ ಇಲ್ಲೇ ಇದೆ, ನೀನು ಬಿಟ್ಟು ಹೋಗಿದ್ದು, ನಾಳೆ ಪಾರ್ಸಲ್ ಮಾಡ್ತೀನಿ. ಮೂರನೇದು ಪಕ್ಕದ ಮನೆ ಹುಡುಗ ತಗೊಂಡು ಹೋಗಿದಾನೆ, ಕೇಳಿದ್ರೆ ಇನ್ನೂ ಮುಗ್ದಿಲ್ಲ ಅಂತಾನೆ, ಅವನ ಹತ್ರ ಕಿತ್ಕೊಳ್ಳೋಕೆ ಮನಸ್ಸಿಲ್ಲ, ಸದ್ಯಕ್ಕೆ ಎರಡು, ನಾಲ್ಕು, ಐದು. ಜೊತೆಗೆ ಮಿಡಿ ಉಪ್ಪಿನಕಾಯಿ ಇದೆ, ಡಬ್ಬಿನ ಪ್ಲಾಸ್ಟಿಕಲ್ಲಿ ಸುತ್ತಿರ್ತೀನಿ, ಪುಸ್ತಕಕ್ಕೆ ಎಣ್ಣೆ ಆಗ್ದಿರೋ ಹಾಗೆ ಮೊದಲು ಅದನ್ನ ಆಚೆ ತೆಗಿ. ಶನಿವಾರ ಫೋನ್ ಮಾಡ್ತೀನಿ. ಮಧ್ಯದಲ್ಲಿ ನಾನು ಕೇಳಿದ್ದಕ್ಕೆ ಮಾತ್ರ ಅಲ್ಲೀವರೆಗೆ ಕಾಯ್ಸ್ಬೇಡ, ಇವತ್ತೇ ಹೇಳು.

ನಿನ್ನ
ದೊಡ್ಡಮ್ಮ